ದಂತ ಪಿಂಗಾಣಿ: ಮರುಸುಡುವಿಕೆಯ ನಿಜವಾದ ವೆಚ್ಚ

ಲೋಹದ ಮೇಲೆ ಪಿಂಗಾಣಿ ಲೇಪಿಸಿದ ದಂತಕವಚದ ಬಣ್ಣ ವೈದ್ಯರಿಗೆ ಒಪ್ಪಿಗೆಯಾಗದಿದ್ದಲ್ಲಿ, ಡೆಂಟಲ್ ಲ್ಯಾಬ್‌ಗಳು ಅದನ್ನು ತಿದ್ದಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆ ಸುಡುವುದು ವಾಡಿಕೆ. ಇದರ ವೆಚ್ಚ ವಿದ್ಯುತ್ ಮತ್ತು ಕೂಲಿ ಮಾತ್ರವೆಂದು ಭಾವಿಸುವುದು ಸರಿಯಲ್ಲ.

1962ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ವಿಧಾನದಂತೆ, ಪಿಂಗಾಣಿಯಲ್ಲಿರುವ ಲ್ಯೂಸೈಟ್ ಹರಳುಗಳು ಅದರ ಉಷ್ಣ ವಿಕಸನವನ್ನು ಲೋಹದ ವಿಕಸನಕ್ಕೆ ಸಮೀಪ ತರುತ್ತವೆ. ಪದೇ ಪದೇ ಸುಟ್ಟಾಗ ಈ ಹರಳುಗಳ ಪ್ರಮಾಣ ಬದಲಾಗಿ ಹೊಂದಾಣಿಕೆ ಕೆಡಬಹುದು, ಬಿರುಕು ಮೂಡಬಹುದು. ಬಣ್ಣ, ಅರೆಪಾರದರ್ಶಕತೆಗಳೂ ವ್ಯತ್ಯಾಸವಾದಾವು. ಕವಚವು ಬಾಯಿಯಲ್ಲಿ ಒಡೆದರೆ ಲಾಭಾಂಶದೊಂದಿಗೆ ಗ್ರಾಹಕರ ವಿಶ್ವಾಸವೂ ಹೋದೀತು.

ಆದುದರಿಂದ ಬಣ್ಣವನ್ನು ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು, ಪ್ರತಿ ಜಾಬ್ ಕಾರ್ಡಿನಲ್ಲಿ ಸುಡುವಿಕೆಯ ಸಂಖ್ಯೆಯನ್ನು ನಮೂದಿಸುವುದು, ಪಿಂಗಾಣಿ ಪುಡಿಯ ತಯಾರಕರ ಸೂಚನೆಗಳನ್ನು ಮೀರದಿರುವುದು ಉದ್ಯಮಿಗಳಿಗೆ ಹಿತಕರ.