ಹೊಲದ ರವದಿ, ಬಚ್ಚಲಿನ ಬಿಸಿನೀರು

ಕೃಷ್ಣಾ ನದಿಯ ದಂಡೆಯಲ್ಲಿ, ಜಯಸಿಂಗಪುರಕ್ಕೆ ಹೊಂದಿಕೊಂಡಿರುವ ಉದಗಾಂವ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಕಬ್ಬಿನ ಸೀಮೆಗೆ ಸೇರಿದ ಊರು. ಈ ಸೀಮೆಯಲ್ಲಿ ಚಳಿಗಾಲವೂ ಕಬ್ಬಿನ ಕಟಾವೂ ಒಟ್ಟಿಗೇ ಬರುತ್ತವೆ. ಕಡಿದ ಕಬ್ಬಿನ ಹಸಿರು ತುದಿ ದನಗಳ ಮೇವಾಗಿ ಹೋದರೆ, ಕೆಳಗಿನ ಒಣ ಗರಿ, ಅಂದರೆ ರವದಿ, ಎಕರೆಗೆ ಮೂರರಿಂದ ನಾಲ್ಕು ಟನ್ನಿನಷ್ಟು ಹೊಲದಲ್ಲೇ ಬೀಳುತ್ತದೆ. ಅದಕ್ಕೆ ಬೆಂಕಿ ಹಚ್ಚಿ ಸಾಲು ಸ್ವಚ್ಛ ಮಾಡುವ ರೂಢಿ ಇನ್ನೂ ಪೂರ್ತಿ ತಪ್ಪಿಲ್ಲ.

ರವದಿಯಲ್ಲಿ ಶೇಕಡಾ 0.4ರ ಆಸುಪಾಸಿನಲ್ಲಿ ಸಾರಜನಕವಿರುವುದರಿಂದ, ಒಂದು ಹೆಕ್ಟೇರಿನ ರವದಿಯನ್ನು ಸುಟ್ಟಾಗ 30ರಿಂದ 40 ಕಿಲೋದಷ್ಟು ಸಾರಜನಕದ ಬಹುಪಾಲು ಹೊಗೆಯೊಂದಿಗೆ ಹೋಗುತ್ತದೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಮಣ್ಣನ್ನು ಸಡಿಲವಾಗಿಡುವ ಸಾವಯವ ಅಂಶ ಉಳಿಯುವುದಿಲ್ಲ. ಅತಿ ನೀರಾವರಿಯಿಂದ ಸವಳು-ಜವಳಾದ ಜಮೀನು ಸಾಕಷ್ಟಿರುವ ಶಿರೋಳದಲ್ಲಿ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಕೂಳೆ ಬೆಳೆ ಇಡುವ ಹೊಲದಲ್ಲಿ ರವದಿಯನ್ನು ಸಾಲುಗಳ ನಡುವೆ ಹಾಸಿ ಕೊಳೆಯಲು ಬಿಡುವುದೇ ಸರಿ. ಕೂಳೆ ತೆಗೆದು ಬೇರೆ ಬೆಳೆ ಹಾಕುವ ಹೊಲದ್ದನ್ನು ಮಾತ್ರ, ಅದೂ ಒಂದು ಪಾಲನ್ನು, ಮನೆಯ ಉರುವಲಿಗೆಂದು ಒಟ್ಟುಗೂಡಿಸಿ ಒಯ್ಯಬಹುದು.

ಒಯ್ಯುವ ಕೆಲಸಕ್ಕೆ ವಿದ್ಯುತ್ ಟ್ರ್ಯಾಕ್ಟರ್ ಎಷ್ಟರ ಮಟ್ಟಿಗೆ ಸಾಕು ಎಂಬುದಕ್ಕೆ 2020ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಸೋನಾಲಿಕಾ ಟೈಗರ್ ಎಲೆಕ್ಟ್ರಿಕ್ ಒಳ್ಳೆಯ ಉದಾಹರಣೆ. ಅದರ ಮೋಟಾರು 11 ಕಿಲೋವ್ಯಾಟ್, ಅಂದರೆ ಸುಮಾರು 15 ಅಶ್ವಶಕ್ತಿಯದು, ಬ್ಯಾಟರಿ 25.5 ಯೂನಿಟ್ ಹಿಡಿಯುತ್ತದೆ. ಪೂರ್ಣ ಶಕ್ತಿಯಲ್ಲಿ ದುಡಿಸಿದರೆ ಲೆಕ್ಕಕ್ಕೆ ಎರಡೂಕಾಲು ತಾಸಿನ ಮಾತು. ರವದಿಯನ್ನು ಒತ್ತಿ ಚೌಕಾಕಾರದ ಕಟ್ಟು ಮಾಡುವ ಬೇಲರ್ ಯಂತ್ರಕ್ಕೆ ಇದರ ಮೂರು ಪಟ್ಟು ಅಶ್ವಶಕ್ತಿ ಬೇಕಾಗುವುದರಿಂದ ಆ ಕೆಲಸ ಇದರಿಂದಾಗದು. ಆದರೆ ಬಿಡಿ ರವದಿ ಬಹಳ ಹಗುರ, ಟ್ರಾಲಿ ಕಿಕ್ಕಿರಿದು ತುಂಬಿದರೂ ತೂಕ ಏರುವುದಿಲ್ಲ; ಹೀಗಾಗಿ ಕುಂಟೆಯಿಂದ ಎಳೆದು ಸಾಲು ಮಾಡಿ, ತುಂಬಿ, ಊರಿಗೆ ಸಾಗಿಸುವುದಕ್ಕೆ ಸಣ್ಣ ಟ್ರ್ಯಾಕ್ಟರೇ ಸಾಕು. ಡೀಸೆಲ್ಲಿನ ಶಾಖದಲ್ಲಿ ಕಾಲುಭಾಗದ ಆಸುಪಾಸು ಮಾತ್ರ ಗಾಲಿಗೆ ತಲುಪುವಾಗ, ಬ್ಯಾಟರಿಯ ಶಕ್ತಿಯ ಬಹುಪಾಲು ಕೆಲಸಕ್ಕೇ ಬರುತ್ತದೆ ಎಂಬುದು ಮತ್ತೊಂದು ಅನುಕೂಲ.

ಹಾಗೆ ತಂದದ್ದು ಮನೆಗೆ ಎಷ್ಟು ಬೇಕು? ಕೊಲ್ಲಾಪುರದ ಚಳಿ ಕೋಣೆ ಕಾಯಿಸುವಷ್ಟು ಕಡುವಾದುದಲ್ಲ. ಇಲ್ಲಿ ಮನೆಯ ಶಾಖವೆಂದರೆ ಸ್ನಾನದ ನೀರು. ಐದು ಜನರ ಮನೆಗೆ 100 ಲೀಟರ್ ನೀರನ್ನು 25 ಡಿಗ್ರಿಯಷ್ಟು ಏರಿಸಲು ಸುಮಾರು 3 ಯೂನಿಟ್ ಶಾಖ ಬೇಕು. ಸಾದಾ ಬಚ್ಚಲೊಲೆಯಲ್ಲಿ ಉರಿಯ ಏಳನೆಯ ಒಂದು ಪಾಲಷ್ಟೇ ಹಂಡೆಗೆ ತಟ್ಟಿದರೂ ದಿನಕ್ಕೆ ಐದು ಕಿಲೋ ರವದಿ ಸಾಕು, ಚಳಿಗಾಲದ ನೂರು ದಿನಕ್ಕೆ ಐದು ಕ್ವಿಂಟಲ್. ಅದು ಆರೇಳು ಗುಂಟೆಯ ಬೆಳೆ! ಹೊಲವನ್ನೆಲ್ಲ ಬರಿದು ಮಾಡುವ ಪ್ರಶ್ನೆಯೇ ಇಲ್ಲ. ಆದರೆ ರವದಿ ಭುಗ್ಗನೆ ಹತ್ತಿ ಆರುವ ಉರುವಲು, ಒಲೆಯ ಬಾಯಿ ಬಿಟ್ಟು ಕದಲದೆ ಹಿಡಿಹಿಡಿಯಾಗಿ ತುಂಬುತ್ತಿರಬೇಕು. ಆ ಹೊಗೆ ಕುಡಿಯುವವರು ಮನೆಯ ಹೆಂಗಸರು ಎಂಬುದು ದಕ್ಷತೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ನಡುವೆ ಉರಿಯ ಕೊಳವೆ, ಸುತ್ತ ನೀರು ಇರುವ ತಾಮ್ರದ ಬಂಬ ಇದಕ್ಕಿಂತ ಮೇಲು, ಏಕೆಂದರೆ ಅದರಲ್ಲಿ ಉರಿ ಒಳಗೇ ನೀರಿಗೆ ತಾಗಿ ಹೊಗೆ ಮೇಲಕ್ಕೆ ಹೋಗುತ್ತದೆ.

ಗೀಸರ್ ಕರೆಂಟನ್ನೆಲ್ಲ ಶಾಖವಾಗಿಸುತ್ತದೆ ನಿಜ, ಆದರೆ ಕಲ್ಲಿದ್ದಲಿನ ಮೂರು ಪಾಲು ಶಾಖದಲ್ಲಿ ಸುಮಾರು ಒಂದು ಪಾಲಷ್ಟೇ ಕರೆಂಟಾಗಿ ಹೊರಬರುತ್ತದೆ. ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಸೇರಿಸುವ ಹೀಟ್ ಪಂಪ್ ಅದೇ ನೀರನ್ನು ಒಂದೇ ಯೂನಿಟ್ಟಿನ ಆಸುಪಾಸಿನಲ್ಲಿ ಕಾಯಿಸಬಲ್ಲದು, ಬೆಲೆ ಮಾತ್ರ ದುಬಾರಿ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿರುವ ಈ ಭಾಗದಲ್ಲಿ ಮಾಳಿಗೆಯ ಮೇಲಿನ ಸೋಲಾರ್ ಹೀಟರ್ ಮೊದಲ ಆಯ್ಕೆಯಾಗಬೇಕು. ಆಗ ಬಂಬಕ್ಕೆ ರವದಿ ಬೇಕಾಗುವುದು ಮುಖ್ಯವಾಗಿ ಮೋಡ ಕವಿದ ಮಳೆಗಾಲದಲ್ಲಿ, ಅದಕ್ಕಾಗಿ ಬೇಸಿಗೆಯೊಳಗೇ ಒಂದು ಟ್ರಾಲಿ ಒಣ ರವದಿಯನ್ನು ಮಳೆ ತಾಗದ ಕಡೆ ಒಟ್ಟಿಡಬೇಕಾಗುತ್ತದೆ.