ಮಗ್ಗದ ವೇಗ, ಜಾಲದ ವೇಗ

ಇಳಕಲ್ಲಿನ ಸೀರೆಯನ್ನು ಮೊಬೈಲ್ ಫೋನಿನ ಪರದೆಯ ಮೇಲೆ ತೋರಿಸಿ ದೂರದೂರುಗಳ ಗಿರಾಕಿಗಳಿಗೆ ಮಾರುವ ಉದ್ಯೋಗವನ್ನು ಕೈಕೊಂಡವರು ಎಲ್ಲಕ್ಕಿಂತ ಮೊದಲು ಬೆಳಕಿನ ಗುಣವನ್ನು ಅರಿಯಬೇಕಾಗುತ್ತದೆ. ಹೊತ್ತು ಏರಿದ ಮೇಲೆ ತೆಗೆದ ಚಿತ್ರದಲ್ಲಿ ಗಿರಿ ಕುಂಕುಮದ ಕೆಂಪು ಕಿತ್ತಳೆಯ ಕಡೆಗೆ ವಾಲುತ್ತದೆ; ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಅದೇ ಕೆಂಪು ಕಳೆಗುಂದಿ ಕಂದಾಗುತ್ತದೆ; ನವಿಲುಬಣ್ಣದ ಹಸಿರಂತೂ ಯಾವ ಬೆಳಕಿನಲ್ಲಿಯೂ ತನ್ನ ನಿಜಸ್ವರೂಪವನ್ನು ಸುಲಭವಾಗಿ ತೋರಗೊಡುವುದಿಲ್ಲ. ಆದುದರಿಂದ ಈ ವರ್ತಕರ ದಿನವು ಬಿಸಿಲು ಗೋಡೆಯನ್ನು ದಾಟುವುದಕ್ಕೆ ಮುಂಚೆ, ಮಾಳಿಗೆಯ ನೆರಳಿನಲ್ಲಿ, ಸೀರೆಗಳ ಮಡಿಕೆಯನ್ನು ಬಿಚ್ಚಿ ಸೆರಗನ್ನು ಹೊರಗೆ ಹರವುವುದರೊಂದಿಗೆ ಆರಂಭವಾಗುತ್ತದೆ. ಚಿತ್ರಕ್ಕೂ ಸೀರೆಗೂ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ, ಪುಣೆಯಲ್ಲಿಯೋ ಸೊಲ್ಲಾಪುರದಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತ ಗಿರಾಕಿ ಆ ಪಾರ್ಸೆಲನ್ನು ಮರಳಿ ಕಳಿಸುತ್ತಾಳೆ. ಮರಳಿ ಬಂದ ಪಾರ್ಸೆಲಿನ ಸಾಗಣೆಯ ವೆಚ್ಚವೂ, ಮಡಿಕೆ ಕೆಟ್ಟ ಸೀರೆಯ ನಷ್ಟವೂ ಮಾರಿದವರ ಪಾಲಿಗೇ ಬರುತ್ತವೆ.

ಅಂತರಜಾಲದ ಉದ್ಯಮವೆಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳು, ಕೋಟಿಗಳ ಬಂಡವಾಳ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಕಾರಣವಿಲ್ಲದಿಲ್ಲ: 2007ರಲ್ಲಿ ಕೋರಮಂಗಲದಲ್ಲಿ ಪುಸ್ತಕ ಮಾರುವ ಸಣ್ಣ ಅಂಗಡಿಯಾಗಿ ಹುಟ್ಟಿದ ಫ್ಲಿಪ್‌ಕಾರ್ಟ್ ದೇಶದ ವಾಣಿಜ್ಯದ ರೀತಿಯನ್ನೇ ಬದಲಿಸಿತು. ಆದರೆ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲ, ಗುಳೇದಗುಡ್ಡಗಳ ಓಣಿಗಳಲ್ಲಿ ಇಂದು ನಡೆದಿರುವ ಜಾಲವ್ಯಾಪಾರಕ್ಕೆ ಕಟ್ಟಡವೂ ಇಲ್ಲ, ಬಂಡವಾಳಗಾರರ ಬೆಂಬಲವೂ ಇಲ್ಲ. ಮನೆಯ ಪಡಸಾಲೆಯೇ ಕಚೇರಿ, ಗೋದ್ರೇಜ್ ಕಪಾಟೇ ಗೋದಾಮು, ವಾಟ್ಸಾಪಿನ ಗ್ರೂಪೇ ಅಂಗಡಿಯ ಮುಂಗಟ್ಟು. ಇಂಥ ಉದ್ಯಮಿಗಳ ದಿನಚರಿಯನ್ನೂ ವಿಚಾರಸರಣಿಯನ್ನೂ ಸಮೀಪದಿಂದ ನೋಡಿದವನಿಗೆ ಒಂದು ಮಾತು ಸ್ಪಷ್ಟವಾಗುತ್ತದೆ: ಜಾಲವು ಇವರಿಗೆ ಗಿರಾಕಿಗಳನ್ನು ಕೊಟ್ಟಿದೆಯಾದರೂ, ಇವರ ನಿಜವಾದ ದುಡಿಮೆ ಇರುವುದು ಕ್ಷಣಮಾತ್ರದಲ್ಲಿ ಸರಕನ್ನು ಬೇಡುವ ಜಾಲದ ಅವಸರವನ್ನೂ, ತನ್ನ ಗತಿಯನ್ನು ಯಾರಿಗೋಸ್ಕರವೂ ಬದಲಿಸಲಾರದ ಮಗ್ಗದ ನಿಧಾನವನ್ನೂ ಒಂದಕ್ಕೊಂದು ಹೊಂದಿಸುವುದರಲ್ಲಿ.

ಈ ನಿಧಾನಕ್ಕೆ ಕಾರಣವು ಸೀರೆಯ ರಚನೆಯಲ್ಲಿಯೇ ಇದೆ. ಇಳಕಲ್ಲ ಸೀರೆಯ ಒಡಲು ಸಾಂಪ್ರದಾಯಿಕವಾಗಿ ಹತ್ತಿಯದು, ಸೆರಗು ರೇಷ್ಮೆಯದು. ಈ ಎರಡು ಭಿನ್ನ ನೂಲುಗಳ ಹಾಸುಗಳನ್ನು ಕೂಡಿಸುವ ವಿದ್ಯೆಗೆ ಇಲ್ಲಿನವರು ಕೊಂಡಿ ಎನ್ನುತ್ತಾರೆ. ಒಡಲಿನ ಹಾಸಿನ ಎಳೆಗಳ ಕುಣಿಕೆಗಳಲ್ಲಿ ಸೆರಗಿನ ಹಾಸಿನ ಎಳೆಗಳ ಕುಣಿಕೆಗಳನ್ನು ಒಂದೊಂದಾಗಿ ತೂರಿಸಿ, ಒಂದೂ ತಪ್ಪದಂತೆ, ಒಂದೂ ಸಡಿಲವಾಗದಂತೆ ಬಿಗಿಯುವ ಈ ಕೆಲಸವನ್ನು ಬಹುಮಟ್ಟಿಗೆ ನೇಕಾರರ ಮನೆಯ ಹೆಂಗಸರು ಮಾಡುತ್ತಾರೆ. ಬೆರಳಿನ ತುದಿಗೆ ತುಸು ಬೂದಿಯನ್ನು ಹಚ್ಚಿಕೊಂಡು, ಕಣ್ಣು ಎಳೆಯ ಮೇಲಿದ್ದಂತೆಯೇ ಮೊಮ್ಮಗನನ್ನು ಗದರಿಸುತ್ತ, ಅಡುಗೆಮನೆಗೆ ಅಪ್ಪಣೆ ಕೊಡುತ್ತ, ಒಬ್ಬ ವೃದ್ಧೆ ಕೊಂಡಿ ಹಾಕುವುದನ್ನು ನಾನು ಕಂಡಿದ್ದೇನೆ. ಆ ಬೆರಳುಗಳು ಒಮ್ಮೆಯೂ ಹಿಂದೆಗೆದು ತಿದ್ದಿಕೊಳ್ಳಲಿಲ್ಲ. ಕೊಂಡಿಯಿರುವ ಕಾರಣದಿಂದಲೇ ಈ ಸೀರೆಗೆ ನೂರು ಸೀರೆಗಳ ಉದ್ದದ ಒಂದೇ ಹಾಸನ್ನು ಹೂಡಲು ಬರುವುದಿಲ್ಲ. ಆರು ಗಜವಾಗಲಿ, ಎಂಟು ಗಜವಾಗಲಿ, ಒಂಬತ್ತು ಗಜವಾಗಲಿ, ಬೇಡಿದ ಅಳತೆಗೆ ತಕ್ಕಂತೆ ಹಾಸನ್ನು ಬೇರೆಬೇರೆಯಾಗಿ ಸಿದ್ಧಪಡಿಸಬೇಕು. ಆ ಬಳಿಕ ಕುಣಿಮಗ್ಗದಲ್ಲಿ ಕುಳಿತ ನೇಕಾರನು ಚಿಕ್ಕಿಯೋ ಗೋಮಿಯೋ ಪರಾಸಪೇಟೆಯೋ ಗಾಯತ್ರಿಯೋ ದಡಿಯನ್ನು ಹಿಡಿದು ಒಡಲನ್ನು ನೇಯ್ದು, ಕೊನೆಗೆ ಮೂರು ಕೆಂಪು ಪಟ್ಟೆಗಳ ನಡುವೆ ಎರಡು ಬಿಳಿಯ ಪಟ್ಟೆಗಳನ್ನಿರಿಸುವ ಟೋಪತೆನಿ ಸೆರಗಿಗೆ ಬರುವಷ್ಟರಲ್ಲಿ ದಿನಗಳು ಕಳೆಯುತ್ತವೆ.

ಆದರೆ ಜಾಲದ ಗಿರಾಕಿ ಬೇಡುವುದೇನು? ಬೆಳಿಗ್ಗೆ ಚಿತ್ರವೊಂದು ಗ್ರೂಪಿನಲ್ಲಿ ಬೀಳುತ್ತದೆ. ಹತ್ತು ನಿಮಿಷದೊಳಗೆ ಏಳೆಂಟು ಮಂದಿ ಅದೇ ಸೀರೆ ತಮಗೆ ಬೇಕೆನ್ನುತ್ತಾರೆ. ಸೀರೆ ಒಂದೇ ಇದೆ. ಉಳಿದವರಿಗೆ ಅದರಂಥದೇ ಇನ್ನೊಂದು ಬೇಕು, ಅದೂ ಹಬ್ಬದೊಳಗೆ. ಇಳಕಲ್ಲಿನ ಒಬ್ಬ ತರುಣ ವ್ಯಾಪಾರಿಣಿ ಇಂಥ ಬೇಡಿಕೆಯ ಪಟ್ಟಿಯನ್ನು ಹಿಡಿದುಕೊಂಡು ಮಗ್ಗದ ಮನೆಯ ಹೊಸ್ತಿಲಲ್ಲಿ ನಿಂತಾಗ ನಡೆದ ಸಂಭಾಷಣೆ ಹೀಗಿತ್ತು:

“ಕಾಕಾ, ಈ ಹಾಸು ಯಾವಾಗ ಇಳೀತದರಿ?”

“ಬರೂ ಸ್ವಾಮಾರಕ್ಕ ನೋಡವ್ವಾ.”

“ಐತ್ವಾರ ಪಾರ್ಸೆಲ್ ಕಳಸ್ತೀನಂತ ಹೇಳೇನಿ.”

“ಹೇಳೂಕಿಂತ ಮೊದ್ಲ ನನ್ನ ಕೇಳಬೇಕಿತ್ತಿಲ್ಲವ್ವಾ, ತಂಗಿ?”

ಮಗ್ಗವನ್ನು ಕೇಳಿದ ನಂತರವೇ ಗಿರಾಕಿಗೆ ಮಾತು ಕೊಡಬೇಕೆಂಬ ಈ ನಿಯಮವನ್ನು ಪಾಲಿಸುವವರು ವ್ಯಾಪಾರದಲ್ಲಿ ನಿಲ್ಲುತ್ತಾರೆ. ಪಾಲಿಸದವರು ಅವಸರದ ಬೇಡಿಕೆಯನ್ನು ಪೂರೈಸಲು ಎಲ್ಲಿಯೋ ಪವರ್‌ಲೂಮಿನಲ್ಲಿ ತಯಾರಾದ, ಕೊಂಡಿಯಿಲ್ಲದ, ಇಳಕಲ್ಲನ್ನು ಹೋಲುವ ಅರಿವೆಯನ್ನು ತಂದು ಅದೇ ಹೆಸರಿನಲ್ಲಿ ಕಳಿಸುವ ಆಮಿಷಕ್ಕೆ ಬೀಳುತ್ತಾರೆ. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2006ರಿಂದ ಕೈಮಗ್ಗದ ಮುದ್ರೆ ಇದೆ. ಕೈಮಗ್ಗಕ್ಕೆ ಕೆಲವು ವಸ್ತುಗಳನ್ನು ಮೀಸಲಿರಿಸಿದ 1985ರ ಕಾಯಿದೆಯೂ ಇದೆ. ಇಷ್ಟಿದ್ದೂ ಚಿತ್ರದಲ್ಲಿ ಅಸಲು ಯಾವುದು, ನಕಲು ಯಾವುದು ಎಂಬುದನ್ನು ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. ಪ್ರಾಮಾಣಿಕರಾದ ವ್ಯಾಪಾರಿಗಳು ಇದಕ್ಕೆ ಕಂಡುಕೊಂಡಿರುವ ಉಪಾಯ ಸರಳವಾದುದು: ಸೆರಗು ಒಡಲನ್ನು ಸೇರುವ ಗೆರೆಯನ್ನು ತಿರುವಿಹಾಕಿ, ಹಿಂಬದಿಯ ಕೊಂಡಿಯ ಸಾಲು ಕಾಣುವಂತೆ, ಬೆರಳಿನಿಂದ ತೋರಿಸುತ್ತ ಸಣ್ಣದೊಂದು ವಿಡಿಯೋ ತೆಗೆದು ಪ್ರತಿಯೊಂದು ಸೀರೆಯೊಡನೆಯೂ ಕಳಿಸುತ್ತಾರೆ. ಕೊಂಡಿ ಎಂದರೇನೆಂಬುದನ್ನು ಎಂದೂ ಕೇಳಿರದ ಗಿರಾಕಿಗಳು ಈಗ “ಕೊಂಡಿ ತೋರಸ್ರಿ” ಎಂದು ತಾವಾಗಿಯೇ ಕೇಳತೊಡಗಿದ್ದಾರೆ. ಈ ಒಂದು ಪ್ರಶ್ನೆಯನ್ನು ಹುಟ್ಟಿಸಿದುದನ್ನೇ ನಾನು ಈ ವ್ಯಾಪಾರದ ದೊಡ್ಡ ಸಾಧನೆಯೆಂದು ಎಣಿಸುತ್ತೇನೆ.

ಹಿಂದಿನ ವ್ಯವಸ್ಥೆಯನ್ನು ನೆನೆದರೆ ಇಂದಿನ ಬದಲಾವಣೆಯ ತೂಕ ತಿಳಿಯುತ್ತದೆ. ಸಾವಕಾರನು ನೂಲು ಕೊಡುವನು, ನೇಕಾರನು ನೇಯ್ದು ತಂದೊಪ್ಪಿಸಿ ಮಜೂರಿ ಪಡೆಯುವನು. ಸೀರೆ ಸಾವಕಾರನಿಂದ ಪೇಟೆಯ ಅಂಗಡಿಗೆ, ಅಲ್ಲಿಂದ ಮಹಾರಾಷ್ಟ್ರದ ಊರುಗಳಿಗೆ ಹೋಗುವುದು. ಉಟ್ಟವಳಿಗೆ ನೇಯ್ದವನ ಸುಳಿವಿಲ್ಲ, ನೇಯ್ದವನಿಗೆ ಉಟ್ಟವಳ ಸುಳಿವಿಲ್ಲ. ಸಾವಕಾರನನ್ನು ನಾನು ಇಲ್ಲಿ ಖಳನಾಯಕನನ್ನಾಗಿ ನಿಲ್ಲಿಸಲಾರೆ. ಮಳೆಗಾಲದಲ್ಲಿ ಮಾರಾಟ ನಿಂತಾಗಲೂ ಮಗ್ಗಕ್ಕೆ ನೂಲು ಒದಗಿಸಿ ಮನೆಯ ಒಲೆ ಆರದಂತೆ ನೋಡಿಕೊಂಡ ಸಾವಕಾರರೂ ಈ ಊರಲ್ಲಿದ್ದಾರೆ. ಆದರೆ ದಾರಿ ಒಂದೇ ಇತ್ತು. ಇನ್ನೊಂದು ದಾರಿ ಆಮೇಲೆ ತೆರೆಯಿತು: 2016ರಲ್ಲಿ ಯುಪಿಐ ಬಂದಿತು. ಅದೇ ವರ್ಷ ಅಂತರಜಾಲದ ಬಳಕೆ ಬಡವರ ಕೈಗೂ ಎಟಕುವಷ್ಟು ಅಗ್ಗವಾಯಿತು. 2018ರಲ್ಲಿ ವಾಟ್ಸಾಪ್ ಸಣ್ಣ ವ್ಯಾಪಾರಿಗಳಿಗಾಗಿಯೇ ಬೇರೊಂದು ಆ್ಯಪನ್ನು ಹೊರತಂದಿತು. 2020ರ ಲಾಕ್‌ಡೌನಿನಲ್ಲಿ ಪೇಟೆಯ ಅಂಗಡಿಗಳು ಮುಚ್ಚಿ, ನೇಯ್ದ ಸೀರೆಗಳು ಮನೆಗಳಲ್ಲಿ ರಾಶಿಬಿದ್ದಾಗ, ಅವುಗಳ ಚಿತ್ರಗಳನ್ನು ಬಂಧುಬಳಗಕ್ಕೆ ಕಳಿಸಿ ಮಾರಲು ತೊಡಗಿದವರಲ್ಲಿ ಎಷ್ಟೋ ಮಂದಿ ಆಮೇಲೆ ಅದನ್ನೇ ಉದ್ಯೋಗವನ್ನಾಗಿ ಮಾಡಿಕೊಂಡರು.

ಈ ನೆಲಕ್ಕೆ ದೂರವ್ಯಾಪಾರವು ಹೊಸತಲ್ಲವೆಂಬುದನ್ನು ಇಲ್ಲಿ ನೆನೆಯದಿರಲು ನನಗೆ ಮನಸ್ಸು ಬಾರದು. ಹುನಗುಂದ ತಾಲೂಕಿನ ಐಹೊಳೆಯೇ ಹಿಂದಿನ ಅಯ್ಯಾವೊಳೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ಹಲವು ಶತಮಾನಗಳ ಕಾಲ ದಕ್ಷಿಣಾಪಥದ ವಾಣಿಜ್ಯವನ್ನು ಆಳಿತು. ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಹೊತ್ತು ಅವರು ದೇಶದೇಶಗಳನ್ನು ಸುತ್ತುತ್ತಿದ್ದುದನ್ನು ಹನ್ನೊಂದನೆಯ ಶತಮಾನದ ಶಾಸನವೊಂದು ವರ್ಣಿಸುತ್ತದೆ. ಐನೂರ್ವರ ಹೆಸರನ್ನು ಹೊತ್ತ 1088ರ ತಮಿಳು ಶಾಸನವೊಂದು ಸಮುದ್ರದಾಚೆ ಸುಮಾತ್ರಾದ ಬರೂಸಿನಲ್ಲಿ ದೊರೆತಿದೆ. ಆ ಸಂಘಕ್ಕೆ ಬಣಂಜುಧರ್ಮವೆಂಬ ತನ್ನದೇ ಆದ ವರ್ತಕನೀತಿಯಿತ್ತು. ಇಂದು ಅದೇ ಸೀಮೆಯಿಂದ ಹೊರಡುವ ಪಾರ್ಸೆಲುಗಳ ಹಿಂದೆ ಯಾವ ಸಂಘವೂ ಇಲ್ಲ. ಪ್ರತಿಯೊಬ್ಬರೂ ಒಂಟಿಯಾಗಿ ಹೋರಾಡುತ್ತಿದ್ದಾರೆ. ಮೋಸ ಮಾಡಿದ ಒಬ್ಬನಿಂದ ಇಡೀ ಊರಿನ ಹೆಸರು ಕೆಡುತ್ತಿರುವಾಗ, ಸಮಾನ ನಿಯಮಗಳುಳ್ಳ ಒಂದು ಕೂಟವನ್ನು ಇವರು ಕಟ್ಟಿಕೊಳ್ಳಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಇಂದಿನ ಈ ವರ್ತಕರ ಮಧ್ಯಾಹ್ನದ ಹೊತ್ತು ಗಿರಾಕಿಗಳಿಗೆ ಉತ್ತರ ಕೊಡುವುದಕ್ಕೆ ಮೀಸಲು. “ಅಕ್ಕಾರ, ಫೋಟೋದಾಗ ಇದ್ದಂಗ ಬಣ್ಣ ಐತೇನ್ರಿ?” “ಬಣ್ಣ ಬಿಡತೈತೇನ್ರಿ?” “ಕಸೂತಿ ಕೈಲೆ ಹಾಕಿದ್ದೋ, ಮಶೀನಿನದೋ?” ಪ್ರತಿಯೊಂದು ಪ್ರಶ್ನೆಗೂ ಧ್ವನಿಸಂದೇಶದಲ್ಲಿ ಸಾವಧಾನದ ಉತ್ತರ ಹೋಗುತ್ತದೆ, ಬರಹದಲ್ಲಿ ಹುಟ್ಟದ ವಿಶ್ವಾಸ ಧ್ವನಿಯಲ್ಲಿ ಹುಟ್ಟುತ್ತದೆಂಬುದು ಇವರ ಅನುಭವ. ಹಣವನ್ನು ಮೊದಲೇ ಪಡೆಯಬೇಕೋ, ಸರಕು ತಲುಪಿದ ಮೇಲೆ ಪಡೆಯಬೇಕೋ ಎಂಬುದು ಇವರಲ್ಲಿ ನಿತ್ಯದ ಚರ್ಚೆ. ಕ್ಯಾಶ್ ಆನ್ ಡೆಲಿವರಿಯಿಂದ ಗಿರಾಕಿಗಳು ಹೆಚ್ಚುತ್ತಾರೆ, ಬಾಗಿಲಲ್ಲಿ ಬೇಡವೆಂದು ತಿರುಗಿಸುವವರೂ ಹೆಚ್ಚುತ್ತಾರೆ. ಮುಂಗಡದಿಂದ ಗಿರಾಕಿಗಳು ಕಡಮೆಯಾಗುತ್ತಾರೆ, ಆದರೆ ಬಂದವರು ನಿಲ್ಲುತ್ತಾರೆ. ಕೈಮಗ್ಗದ ಸೀರೆಗೆ ಮುಂಗಡವೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಹಾಸು ಹೂಡುವ ಮೊದಲು ಒಂದು ಪಾಲು, ಸೆರಗಿಗೆ ಬಂದಾಗ ಮಗ್ಗದ ಮೇಲಿನ ಚಿತ್ರ ಕಳಿಸಿ ಇನ್ನೊಂದು ಪಾಲು, ಪಾರ್ಸೆಲ್ ಹೊರಡುವಾಗ ಉಳಿದುದು ಎಂಬ ಕ್ರಮವನ್ನು ಕೆಲವರು ಪರೀಕ್ಷಿಸುತ್ತಿದ್ದಾರೆ. ಕಾಯುವುದೇ ಇಲ್ಲಿ ಕೊಳ್ಳುವಿಕೆಯ ಭಾಗವಾಗುವುದರಿಂದ ಗಿರಾಕಿಗೂ ಬೇಸರವಾಗುವುದಿಲ್ಲ.

ಉಳಿದ ಊರುಗಳಲ್ಲಿ ಉದ್ಯಮದ ಬಗೆ ಬೇರೆ. ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕವಿದೆ. ಕುಪ್ಪಸಕ್ಕೆಂದೇ ಮೀಸಲಾಗಿದ್ದ ಆ ಅರಿವೆಯಿಂದ ಈಗ ಕೈಚೀಲ, ಪುಸ್ತಕದ ಹೊದಿಕೆ, ತೋರಣಗಳನ್ನು ಹೊಲಿದು ಜಾಲದಲ್ಲಿ ಮಾರುತ್ತಾರೆ. ಅಮೀನಗಡದ ಕರದಂಟು ಅಂಟು, ಬೆಲ್ಲ, ಒಣಹಣ್ಣುಗಳಿಂದಾದುದು; ಬೇಗ ಕೆಡದಿರುವುದರಿಂದ ಅದು ಕೊರಿಯರಿಗೆ ಹೇಳಿ ಮಾಡಿಸಿದ ತಿನಿಸು. ಬನಶಂಕರಿಯ ಗುಡಿಯ ಮುಂದೆ ಬುಟ್ಟಿಯಿಟ್ಟುಕೊಂಡು ರೊಟ್ಟಿ, ಪಲ್ಯ, ಮೊಸರು ಮಾರುವ ತಾಯಂದಿರನ್ನು ಬಾದಾಮಿಗೆ ಹೋದವರೆಲ್ಲ ಬಲ್ಲರು. ಆ ರೊಟ್ಟಿಯ ಒಣಗಿದ ರೂಪವಾದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳು ಇಂದು ದೂರದ ನಗರಗಳ ಕನ್ನಡಿಗರ ಮನೆ ಮುಟ್ಟುತ್ತಿವೆ. ದಾರಿಯಲ್ಲಿ ರೊಟ್ಟಿ ಪುಡಿಯಾಗದಂತೆ ಕಟ್ಟುವುದೇ ಆ ಉದ್ಯಮದ ಮುಖ್ಯ ಸಮಸ್ಯೆ. ಬಾಗಲಕೋಟೆಯ ನವನಗರದಲ್ಲಿ ಲೆಕ್ಕಪತ್ರ ನೋಡುವವರು, ಜಿಎಸ್‌ಟಿ ತುಂಬುವವರು, ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಊರಲ್ಲಿಯೇ ನಿಲ್ಲಬಯಸುವ ಹುಡುಗರು ಸಿಗುತ್ತಾರೆ. ದೊಡ್ಡ ಜಾಲತಾಣಗಳ ಮೂಲಕ ಮಾರಬೇಕಾದರೆ ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಬೇಕೆಂಬ ಕಟ್ಟಳೆಯು 2023ರ ಅಕ್ಟೋಬರಿನಿಂದ ರಾಜ್ಯದೊಳಗಿನ ಮಾರಾಟಕ್ಕೆ ಸಡಿಲವಾಯಿತು. ರಾಜ್ಯದ ಗಡಿ ದಾಟಿದೊಡನೆ ಅದು ಮತ್ತೆ ಎದುರಾಗುತ್ತದೆ. ಹಲವು ಗಿರಾಕಿಗಳು ಮಹಾರಾಷ್ಟ್ರದಲ್ಲಿರುವ ವ್ಯಾಪಾರಕ್ಕೆ ಇದು ಸಣ್ಣ ತೊಡಕಲ್ಲ. 2025ರ ಜುಲೈಯಲ್ಲಿ ಯುಪಿಐ ಲೆಕ್ಕಗಳನ್ನು ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆಯ ನೋಟೀಸುಗಳು ಬಂದಾಗ, ಅಲ್ಲಿಯವರೆಗೆ ಮನೆಯ ಖರ್ಚನ್ನೂ ವ್ಯಾಪಾರದ ಹಣವನ್ನೂ ಒಂದೇ ಖಾತೆಯಲ್ಲಿಟ್ಟಿದ್ದವರು ಎರಡು ಖಾತೆಗಳನ್ನು ತೆರೆಯುವುದು ಮೇಲೆಂಬುದನ್ನು ಮನಗಂಡರು.

ಜಾಲಕ್ಕೆ ಬೇಕಾದ ಬೆಳಕಿನ ತಂತುಗಳ ಯಂತ್ರಗಳನ್ನು ನಿರ್ಮಿಸಿ ಅಮೆರಿಕದಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಗುರುರಾಜ ದೇಶಪಾಂಡೆಯವರು ಉತ್ತರ ಕರ್ನಾಟಕದವರೇ. ಅವರ ಪ್ರತಿಷ್ಠಾನವು ಹುಬ್ಬಳ್ಳಿಯಲ್ಲಿ ಸಣ್ಣ ಉದ್ಯಮಿಗಳನ್ನು ಬೆಳೆಸುವ ಕೆಲಸವನ್ನು ವರ್ಷಗಳಿಂದ ನಡೆಸಿದೆ. ಅಂಥ ನೆರವು ಮಲಪ್ರಭೆಯ ಈ ದಂಡೆಗಳವರೆಗೆ ಇನ್ನೂ ಹೆಚ್ಚಾಗಿ ಹರಿಯಬೇಕಾಗಿದೆ.

ಇಷ್ಟೆಲ್ಲದರ ನಡುವೆ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿರುವ ಬದಲಾವಣೆ ಇನ್ನೊಂದಿದೆ. ಕುಣಿಯಲ್ಲಿ ಕುಳಿತು ಲಾಳಿ ಎಸೆಯುವ ನೇಕಾರನ ಮಗನ ಕೈಯಲ್ಲಿಯೂ ಫೋನು ಇದೆ. ತಂದೆ ನೇಯ್ದ ಸೀರೆ ಜಾಲದಲ್ಲಿ ಯಾವ ಬೆಲೆಗೆ ಹೋಯಿತೆಂಬುದನ್ನು ಅವನು ಅಂದೇ ಸಂಜೆ ತಂದೆಗೆ ತೋರಿಸುತ್ತಾನೆ. ತನ್ನ ಮಜೂರಿಗೂ ಆ ಬೆಲೆಗೂ ಇರುವ ಅಂತರವು ತಲೆಮಾರುಗಳಿಂದ ನೇಕಾರನಿಗೆ ಕಾಣದಿದ್ದ ವಸ್ತು. ಈಗ ಅದು ಅಂಕಿಯಲ್ಲಿ ಕಾಣುತ್ತಿದೆ. ಹೊಸ್ತಿಲಲ್ಲಿ ನಿಂತಿದ್ದ ಆ ವ್ಯಾಪಾರಿಣಿಗೂ ಅದೇ ಕಾಕಾ ಆ ಮಾತನ್ನು ಎತ್ತಿದರು. ಆಕೆ ಕೋಪಿಸಿಕೊಳ್ಳಲಿಲ್ಲ, ಚಿತ್ರ, ಪ್ಯಾಕಿಂಗ್, ಕೊರಿಯರ್, ಮರಳಿ ಬಂದ ಸರಕು ಎಂದು ತನ್ನ ವೆಚ್ಚಗಳನ್ನು ಒಂದೊಂದಾಗಿ ನೋಟುಪುಸ್ತಕದಲ್ಲಿ ಬರೆದು ಅವರ ಮುಂದಿಟ್ಟಳು. ಕಾಕಾ ಅದನ್ನು ಓದಿ, ಕೊಂಡಿ ಹಾಕಿದ ಮುದುಕಿಯ ಕೂಲಿ ಈ ಲೆಕ್ಕದಲ್ಲಿ ಎಲ್ಲಿದೆಯೆಂದು ಕೇಳಿದರು. ಆಕೆ ಪುಸ್ತಕವನ್ನು ತಿರುಗಿ ತೆಗೆದುಕೊಂಡು ಇನ್ನೊಂದು ಸಾಲನ್ನು ಸೇರಿಸಿದಳು. ಆ ಸಾಲಿನ ಮುಂದೆ ಎಷ್ಟು ರೂಪಾಯಿ ಬರೆಯಬೇಕೆಂಬುದರ ಬಗ್ಗೆ ಅವರಿಬ್ಬರ ಮಾತು ಇನ್ನೂ ಮುಗಿದಿಲ್ಲ.