ಇಂದಿನ ಅತಿಥಿ, ನಾಳೆಯ ಆತಿಥೇಯ

ಮನುಷ್ಯನು ಒಬ್ಬನೇ ಪರಸ್ಥಳಕ್ಕೆ ಹೊರಟಾಗ ಅವನ ಹುದ್ದೆ, ಅಂತಸ್ತು, ಬಂಧುಬಳಗ ಎಲ್ಲವೂ ಊರಿನಲ್ಲಿಯೇ ಉಳಿಯುತ್ತವೆ. ಹೊತ್ತು ಮುಳುಗುವ ವೇಳೆಗೆ ಅವನಿಗೆ ಬೇಕಾಗುವುದು ಒಂದಿಷ್ಟು ನೀರು, ಹಸಿವಿಗೆ ಅನ್ನ, ತಲೆಯ ಮೇಲೊಂದು ಸೂರು. ಹಣ ಕೊಟ್ಟರೆ ಇವು ಮೂರೂ ದೊರೆಯುತ್ತವೆ. ಆದರೆ ಬಾಗಿಲಿಗೆ ಬಂದು, 'ದಣಿದು ಬಂದಿದ್ದೀರಿ, ಮೊದಲು ಕುಳಿತುಕೊಳ್ಳಿ' ಎನ್ನುವ ಮಾತು ಯಾವ ದರಪಟ್ಟಿಯಲ್ಲಿಯೂ ಇರುವುದಿಲ್ಲ. ಅಂತಹ ಮಾತು ಅಗ್ಗದ ತಂಗುದಾಣವೊಂದರಲ್ಲಿ ಅನಿರೀಕ್ಷಿತವಾಗಿ ಕಿವಿಗೆ ಬಿದ್ದಾಗ ಒಂಟಿ ಪ್ರಯಾಣಿಕನ ಮನಸ್ಸು ತುಂಬಿ ಬರುತ್ತದೆ. ಈ ಬಗೆಯ ಆತಿಥ್ಯವು ಇಂದಿಗೂ ಜೀವಂತವಾಗಿರುವ ದಾರಿಯೊಂದು ಸ್ಪೇನ್ ದೇಶದಲ್ಲಿದೆ.

ಆ ದೇಶದ ವಾಯವ್ಯ ಮೂಲೆಯ ಸ್ಯಾಂಟಿಯಾಗೊ ದೆ ಕಾಂಪೊಸ್ಟೆಲ ನಗರದಲ್ಲಿ ಏಸುವಿನ ಶಿಷ್ಯನಾದ ಸಂತ ಯಾಕೋಬನ ಸಮಾಧಿ ಇದೆಯೆಂದು ಕ್ರೈಸ್ತರ ನಂಬಿಕೆ. ಅಲ್ಲಿಗೆ ಸಾವಿರ ವರ್ಷಗಳಿಗೂ ಮಿಕ್ಕಿ ಜನರು ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಾರೆ. ಈ ಯಾತ್ರೆಯ ದಾರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ಕಮಿನೊ' ಎಂದು ಹೆಸರು. ಆ ಶಬ್ದದ ಅರ್ಥವೂ ದಾರಿ ಎಂದೇ. ಇಂತಹ ದಾರಿಗಳು ಹಲವಿದ್ದು, ಅವುಗಳಲ್ಲಿ ಹೆಸರಾದುದು ಫ್ರಾನ್ಸಿನ ಗಡಿಯಂಚಿನಿಂದ ಹೊರಟು ಪಿರನೀಸ್ ಪರ್ವತವನ್ನು ದಾಟಿ ಸಾಗುವ ಸುಮಾರು 780 ಕಿಲೋಮೀಟರಿನ ಮಾರ್ಗ. ನಡೆಯಲು ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಯಾತ್ರೆ ಬಹುಮಟ್ಟಿಗೆ ಮರೆತೇಹೋಗಿತ್ತು. ಒ ಸೆಬ್ರೈರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಲಿನ್ಯ ಅವರು 1984ರಲ್ಲಿ ಹಳದಿ ಬಣ್ಣದ ಡಬ್ಬಿಗಳನ್ನು ತಮ್ಮ ಕಾರಿನಲ್ಲಿ ತುಂಬಿಕೊಂಡು ಹೊರಟು, ಮರ, ಕಲ್ಲು, ಗೋಡೆಗಳ ಮೇಲೆ ದಾರಿ ತೋರುವ ಬಾಣದ ಗುರುತುಗಳನ್ನು ಬರೆದರು. ದಾರಿಗೆ ಮರುಜೀವ ಬಂದುದು ಹೀಗೆ. 1993ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ದಾರಿಯ ಉದ್ದಕ್ಕೂ ಯಾತ್ರಿಕರಿಗಾಗಿ ಇರುವ ತಂಗುದಾಣಗಳಿಗೆ 'ಆಲ್ಬೆರ್ಗೆ' ಎನ್ನುತ್ತಾರೆ. ನಮ್ಮ ಛತ್ರಗಳನ್ನು ಬಲ್ಲವರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದೊಡ್ಡ ಕೋಣೆಯಲ್ಲಿ ಒಂದರ ಮೇಲೊಂದು ಜೋಡಿಸಿದ ಮಂಚಗಳು, ಎಲ್ಲರಿಗೂ ಸೇರಿ ಸ್ನಾನದ ಮನೆ, ಬಟ್ಟೆ ಒಣಹಾಕಲು ಅಂಗಳದಲ್ಲಿ ಹಗ್ಗ. ಯಾತ್ರಿಕನ ಗುರುತಿನ ಪುಸ್ತಿಕೆಗೆ ಒಂದು ಮುದ್ರೆ ಒತ್ತಿಸಿಕೊಂಡರೆ ಪ್ರವೇಶ. ರಾತ್ರಿ ಹತ್ತು ಗಂಟೆಗೆ ದೀಪ ಆರಿಸುವುದು ವಾಡಿಕೆ. ಅನಾರೋಗ್ಯದಂತಹ ಕಾರಣವಿಲ್ಲದಿದ್ದರೆ ಸಾಮಾನ್ಯವಾಗಿ ಒಂದೇ ರಾತ್ರಿಯ ವಾಸ. ಗಲೀಷಿಯ ಪ್ರಾಂತದ ಸರಕಾರಿ ಆಲ್ಬೆರ್ಗೆಗಳಲ್ಲಿ ಇದಕ್ಕೆ ಸುಮಾರು 10 ಯೂರೋ, ಅಂದರೆ ನಮ್ಮ ಅಂದಾಜು ಒಂದು ಸಾವಿರ ರೂಪಾಯಿ. ಆದರೆ ನಿಗದಿತ ದರವೇ ಇಲ್ಲದ ಮನೆಗಳೂ ಈ ದಾರಿಯಲ್ಲಿವೆ. ಅವು ನಡೆಯುವುದು ಯಾತ್ರಿಕರು ಸ್ವಇಚ್ಛೆಯಿಂದ ಕೊಟ್ಟ ಕಾಣಿಕೆಯ ಮೇಲೆ.

ರಿಯೋಹ ಪ್ರಾಂತದ ಅಂಚಿನಲ್ಲಿರುವ ಗ್ರಾನ್ಯೊನ್ ಎಂಬ ಚಿಕ್ಕ ಊರನ್ನು ಉದಾಹರಣೆಗೆ ನೋಡಬಹುದು. ಇಲ್ಲಿನ ಆಲ್ಬೆರ್ಗೆ ಇರುವುದು ಊರ ಇಗರ್ಜಿಗೆ ಹೊಂದಿಕೊಂಡು. ಮಲಗಲು ಮಂಚವಿಲ್ಲ, ನೆಲದ ಮೇಲೆ ಚಾಪೆಯಂತಹ ತೆಳು ಹಾಸಿಗೆ. ಒಂಟಿಯಾಗಿ ಬಂದವನು ಸಂಜೆಗೆ ಒಂಟಿಯಾಗಿ ಉಳಿಯುವುದಿಲ್ಲ. ತರಕಾರಿ ಹೆಚ್ಚುವವರು, ತಟ್ಟೆ ಜೋಡಿಸುವವರು, ಪಾತ್ರೆ ತೊಳೆಯುವವರು ಎಲ್ಲರೂ ಯಾತ್ರಿಕರೇ. ಭಾಷೆ ಬಾರದವರೂ ಕೈಸನ್ನೆಯಲ್ಲಿಯೇ ಕೆಲಸ ಹಂಚಿಕೊಂಡು ಒಂದೇ ಉದ್ದನೆಯ ಮೇಜಿನ ಮುಂದೆ ಉಣ್ಣುತ್ತಾರೆ. ಅಲ್ಲಿ ಕಾಣಿಕೆಯ ಪೆಟ್ಟಿಗೆಗೆ ಬೀಗವಿಲ್ಲ. ಸಾಧ್ಯವಿದ್ದಷ್ಟನ್ನು ಹಾಕಿರಿ, ಅಗತ್ಯವಿದ್ದಷ್ಟನ್ನು ತೆಗೆದುಕೊಳ್ಳಿರಿ ಎಂಬ ಅರ್ಥದ ಬರಹ ಮಾತ್ರ ಅದರ ಬಳಿ ಇದೆ. ತೆರೆದ ಪೆಟ್ಟಿಗೆಯನ್ನು ಪರಸ್ಥಳದವರ ಎದುರಿಗೆ ಇರಿಸಬೇಕಾದರೆ ಮನುಷ್ಯನ ಮೇಲೆ ಎಷ್ಟು ನಂಬಿಕೆ ಬೇಕು!

ಅಲ್ಲಿಂದ ಹಲವು ದಿನಗಳ ನಡಿಗೆಯ ಮುಂದೆ, ಪಿಸುವೆರ್ಗ ನದಿಯ ಸೇತುವೆಯ ಬಳಿ, ಸಂತ ನಿಕೋಲಾಸನ ಹೆಸರಿನ ಒಂದು ಪುರಾತನ ಕಲ್ಲಿನ ಗುಡಿಯಿದೆ. ಹಾಳುಬಿದ್ದಿದ್ದ ಈ ಕಟ್ಟಡವನ್ನು ಇಟಲಿಯ ಯಾತ್ರಿಕರ ಸಂಘವೊಂದು ಜೀರ್ಣೋದ್ಧಾರ ಮಾಡಿ ತಂಗುದಾಣವಾಗಿಸಿತು. ಮಲಗುವ ಜಾಗ ಕೆಲವೇ ಮಂದಿಗೆ. ಇರುಳಿನ ಊಟ ಮೇಣದ ಬತ್ತಿಯ ಬೆಳಕಿನಲ್ಲಿ. ಊಟಕ್ಕೆ ಮೊದಲು ಮನೆಯವರು ಒಬ್ಬೊಬ್ಬ ಯಾತ್ರಿಕನ ಮುಂದೆಯೂ ಬಾಗಿ ಅವನ ಪಾದವನ್ನು ನೀರಿನಿಂದ ತೊಳೆಯುತ್ತಾರೆ. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವ ಪದ್ಧತಿಯಲ್ಲಿ ಬೆಳೆದ ನಮಗೆ ಈ ನೋಟ ದೂರದ್ದೆನಿಸದು. ಧೂಳು ಮೆತ್ತಿದ, ಬೊಕ್ಕೆ ಎದ್ದ ಪಾದಗಳನ್ನು ಅಪರಿಚಿತರೊಬ್ಬರು ಕೈಯಲ್ಲಿ ಹಿಡಿದಾಗ ಸಂಕೋಚದಿಂದ ಕಾಲು ಹಿಂದೆಳೆದುಕೊಳ್ಳುವವರಿದ್ದರೆ ಆಶ್ಚರ್ಯವಿಲ್ಲ. ಕೊಡುವುದಕ್ಕಿಂತ ಪಡೆಯುವುದು ಕೆಲವೊಮ್ಮೆ ಕಠಿಣವಾದ ಪಾಠ.

ಹಾಗಾದರೆ ಈ ಸೇವೆ ಮಾಡುವವರು ಯಾರು? ಸ್ಪ್ಯಾನಿಷ್ ಭಾಷೆಯಲ್ಲಿ ಅವರನ್ನು 'ಓಸ್ಪಿತಲೇರೊ' ಎಂದು ಕರೆಯುತ್ತಾರೆ. ಕಾಣಿಕೆಯ ಮೇಲೆ ನಡೆಯುವ ಮನೆಗಳಲ್ಲಿ ಇವರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ತಮ್ಮ ರಜೆಯಲ್ಲಿ ಹದಿನೈದು ದಿನಗಳನ್ನು ಮೀಸಲಿಟ್ಟು, ತಮ್ಮದೇ ಖರ್ಚಿನಲ್ಲಿ ಬಂದು, ಕಸ ಗುಡಿಸಿ, ಅಡುಗೆ ಮಾಡಿ, ಗಾಯಗಳಿಗೆ ಪಟ್ಟಿ ಕಟ್ಟಿ ಹೋಗುತ್ತಾರೆ. ಈ ಸೇವೆಗೆ ಸೇರಲು ಬೇಕಾದ ಮುಖ್ಯ ಅರ್ಹತೆ ಒಂದೇ: ತಾವೂ ಯಾತ್ರಿಕರಾಗಿ ಆ ದಾರಿಯಲ್ಲಿ ನಡೆದಿರಬೇಕು. ನೆಲದ ಮೇಲೆ ಮಲಗಿದವನಿಗೇ ಕಂಬಳಿಯ ಬೆಲೆ ಗೊತ್ತಲ್ಲವೆ?

ಇಲ್ಲಿಯೇ ಈ ಆತಿಥ್ಯದ ಮರ್ಮವಿದೆ. ದಾರಿಯಲ್ಲಿ ಅನ್ನವಿಕ್ಕಿದವರನ್ನು ಯಾತ್ರಿಕನು ಮತ್ತೆ ಕಾಣುವುದಿಲ್ಲ; ಅವರ ಋಣವನ್ನು ಅವರಿಗೇ ತೀರಿಸಲಾಗದು. ಆದ್ದರಿಂದ ಅದು ಮುಂದೆ ಬರುವವನಿಗೆ ಸಲ್ಲಬೇಕು. ನಿನ್ನೆ ತಂಗಿದವರು ಬಿಟ್ಟುಹೋದ ಕಾಣಿಕೆಯಿಂದ ಇಂದಿನ ಊಟ. ಇಂದು ತಂಗುವವರ ಕಾಣಿಕೆಯಿಂದ ನಾಳೆಯ ಒಲೆ. ನಿನ್ನೆಯ ಅತಿಥಿಯೇ ಇಂದಿನ ಆತಿಥೇಯ. ಲ್ಯಾಟಿನ್ ಭಾಷೆಯ 'ಹಾಸ್ಪೆಸ್' ಎಂಬ ಒಂದೇ ಶಬ್ದಕ್ಕೆ ಅತಿಥಿ, ಆತಿಥೇಯ ಎಂಬ ಎರಡು ಅರ್ಥಗಳೂ ಇವೆ. ಓಸ್ಪಿತಲೇರೊ ಮಾತ್ರವಲ್ಲ, ನಾವು ದಿನವೂ ಬಳಸುವ ಹಾಸ್ಟೆಲ್, ಹೋಟೆಲ್, ಆಸ್ಪತ್ರೆ ಎಂಬ ಮಾತುಗಳೂ ಆ ಶಬ್ದದ ಮಕ್ಕಳೇ.

ಆದರೆ ಈ ವ್ಯವಸ್ಥೆ ಎಷ್ಟು ಸುಂದರವೋ ಅಷ್ಟೇ ಸೂಕ್ಷ್ಮವಾದುದು. 1980ರ ದಶಕದ ಮಧ್ಯಭಾಗದಲ್ಲಿ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆದವರ ಸಂಖ್ಯೆ ವರ್ಷಕ್ಕೆ ಮೂರು ಸಾವಿರವನ್ನೂ ಮುಟ್ಟಿರಲಿಲ್ಲ. 2024ರಲ್ಲಿ ಅದು ಐದು ಲಕ್ಷದ ಸಮೀಪಕ್ಕೆ ಬಂದಿತು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮಹಿಳೆಯರು. ಒಬ್ಬಂಟಿಯಾಗಿ ನಡೆಯುವವರೂ ಬಹಳ. ಮುಂಗಡವಾಗಿ ಕೋಣೆ ಕಾದಿರಿಸುವ ಖಾಸಗಿ ವಸತಿಗಳು ದಾರಿಯುದ್ದಕ್ಕೂ ಹೆಚ್ಚಿವೆ. ಕಾಣಿಕೆಯ ಮನೆಯೆಂದರೆ ಬಿಟ್ಟಿ ಮನೆಯೆಂದು ತಿಳಿದು, ಶಕ್ತಿಯಿದ್ದೂ ಬರಿಗೈಯಲ್ಲಿ ಎದ್ದುಹೋಗುವವರಿಗೂ ಕೊರತೆಯಿಲ್ಲ. ಹತ್ತು ಮಂದಿ ಹಾಗೆ ಹೋದರೆ ಮರುದಿನ ಬರುವ ಬಡ ಯಾತ್ರಿಕನ ತಟ್ಟೆ ಬರಿದಾಗುತ್ತದೆ. ಅವನ ಹಸಿವಿನ ಹೊಣೆ ಮೊದಲು ಉಂಡು ಹೋದವರದೇ.

ವಿದ್ಯೆಗೆಂದು, ನೌಕರಿಗೆಂದು, ಸಂದರ್ಶನಕ್ಕೆಂದು ಇಂದು ನಮ್ಮ ಮನೆಗಳ ಗಂಡು ಹೆಣ್ಣು ಮಕ್ಕಳೂ ಒಬ್ಬೊಬ್ಬರೇ ದೂರದ ಊರುಗಳಿಗೆ ಹೋಗುತ್ತಿದ್ದಾರೆ. ಎಚ್ಚರದಿಂದಿರಬೇಕೆಂದು ನಾವು ಅವರಿಗೆ ಹೇಳುತ್ತೇವೆ, ಹೇಳಲೇಬೇಕು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿಕೊಡೋಣ. ದಾರಿಯಲ್ಲಿ ಯಾರಾದರೂ ಒಳ್ಳೆಯವರು ನೀರು, ನೆರಳು ಕೊಟ್ಟರೆ ಕೃತಜ್ಞತೆಯಿಂದ ಸ್ವೀಕರಿಸಲಿ. ತಂಗಿದ ಕೋಣೆಯನ್ನು ಮುಂದೆ ಬರುವವರಿಗಾಗಿ ಚೊಕ್ಕಟವಾಗಿ ಬಿಟ್ಟು ಹೊರಡಲಿ. ತಿಥಿ ನಿಶ್ಚಯಿಸದೆ ಬರುವವನೇ ಅತಿಥಿಯೆಂದು ಹಿರಿಯರು ಅರ್ಥ ಹೇಳುತ್ತಾರೆ. ನಮ್ಮ ಊರಿನ ಬಸ್ ನಿಲ್ದಾಣದಲ್ಲಿಯೂ ಕತ್ತಲಾಗುವ ವೇಳೆಗೆ ವಿಳಾಸದ ಚೀಟಿ ಹಿಡಿದು ನಿಂತ ಹುಡುಗನೊಬ್ಬ, ಹುಡುಗಿಯೊಬ್ಬಳು ಇದ್ದೇ ಇರುತ್ತಾರೆ. ನಮ್ಮ ಮಕ್ಕಳಿಗೆ ಪರಊರಿನಲ್ಲಿ ದೊರೆತ ಉಪಕಾರವನ್ನು ತೀರಿಸುವ ಸ್ಥಳ ಅದು.